ಒಂಬತ್ತನೇ ನಂಬರಿನ ಚೀಲ

ಗುರುವಾರ, ಮಧ್ಯಾಹ್ನ ಎರಡು ಗಂಟೆ
ಗ್ರಂಥಾಲಯದ ಹಿಂದಿನ ಕೋಣೆಯಿಂದ

ಅಕ್ಕಾ,

ಸಿಟ್ಟಿದ್ದರೂ ಇದನ್ನು ಕೊನೆಯವರೆಗೆ ಓದು. ಆಮೇಲೆ ಹರಿದು ಹಾಕಿದರೂ ಸರಿ.

ನಿನ್ನ ಸಂದೇಶ ಸೋಮವಾರವೇ ಬಂತು. ಒಂದನೇ ತಾರೀಕಿಗೆ ಅಮ್ಮನ ಮನೆಗೆ ಬಾಡಿಗೆಯವರು ಬರುತ್ತಾರೆ, ಬೀಗದ ಕೈ ಅವರಿಗೆ ತಲುಪಿಸು ಎಂದು ಎರಡೇ ಸಾಲು. ನಾನು ಇನ್ನೂ ತಲುಪಿಸಿಲ್ಲ. ಸೋಮಾರಿತನವಲ್ಲ. ಮನೆ ಖಾಲಿ ಇದೆ ಎಂದು ಅವರ ಮುಖ ನೋಡಿ ಹೇಳಲು ನನ್ನಿಂದ ಆಗುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ. ಇಲ್ಲಿ ನನ್ನ ಕೆಲಸ ಏನೆಂದು ನೀನು ಎಂದೂ ಕೇಳಿರಲಿಲ್ಲ. ಮಂಗಳವಾರ ಮಕ್ಕಳಿಗೆ ಕಥೆ ಓದುತ್ತೇವೆ, ಶನಿವಾರ ಓದುಬರಹ ಬಾರದವರಿಗೆ ಅರ್ಜಿ ತುಂಬಿಕೊಡುತ್ತೇವೆ. ಗುರುವಾರ, ಮನೆಯಿಂದ ಹೊರಬರಲಾಗದವರಿಗೆ ವ್ಯಾನಿನಲ್ಲಿ ಪುಸ್ತಕ ಕಳಿಸುತ್ತೇವೆ. ಅಂಥವರು ಹದಿನಾರು ಮಂದಿ. ಒಬ್ಬೊಬ್ಬರಿಗೂ ಒಂದೇ ನಂಬರಿನ ಎರಡು ಚೀಲ. ಒಂದು ಅವರಲ್ಲಿ, ಒಂದು ನಮ್ಮಲ್ಲಿ. ಬಾಗಿಲ ಹೊರಗಿನ ಮರದ ಪೆಟ್ಟಿಗೆಯಲ್ಲಿ ಹೊಸದನ್ನಿಟ್ಟು ಹಳೆಯದನ್ನು ತರಬೇಕು. ಚೀಲದೊಳಗೆ ಒಂದು ಚೀಟಿ ಇರುತ್ತದೆ. ಮುಂದಿನ ವಾರಕ್ಕೆ ಏನು ಬೇಕೆಂದು ಅವರು ಅದರಲ್ಲಿ ಬರೆಯುತ್ತಾರೆ. ಇದ್ದರೆ ನಾವು ‘ಕಾಯ್ದಿರಿಸಲಾಗಿದೆ’ ಎಂಬ ಮುದ್ರೆ ಒತ್ತುತ್ತೇವೆ, ಇಲ್ಲದಿದ್ದರೆ ‘ಲಭ್ಯವಿಲ್ಲ’.

ಮಂಡಿ ಕೈಕೊಟ್ಟ ಮೇಲೆ ಅಮ್ಮನೂ ಸೇರಿದಳು. ಒಂಬತ್ತನೇ ನಂಬರು.

ವಯಸ್ಸಾದ ಓದುಗರಿಗೆ ಒಂದು ಅಭ್ಯಾಸವಿದೆ. ಓದಿದ್ದನ್ನೇ ಮತ್ತೆ ತರಿಸಿಕೊಳ್ಳಬಾರದೆಂದು ಪುಸ್ತಕದಲ್ಲಿ ಎಲ್ಲೋ ಒಂದು ಕಡೆ ಗುಟ್ಟಾಗಿ ಗುರುತು ಹಾಕಿರುತ್ತಾರೆ. ಒಬ್ಬರು ಏಳನೇ ಪುಟದಲ್ಲಿ ಚುಕ್ಕೆ ಇಟ್ಟರೆ ಇನ್ನೊಬ್ಬರು ಕೊನೆಯ ಪುಟದಲ್ಲಿ ಅಡ್ಡಗೆರೆ ಎಳೆಯುತ್ತಾರೆ. ನಾವು ಬೈಯುತ್ತೇವೆ, ಅವರು ಬಿಡುವುದಿಲ್ಲ. ಅಮ್ಮ ಇಪ್ಪತ್ತೇಳನೇ ಪುಟದ ಸಂಖ್ಯೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಒಂದು ಸಣ್ಣ ಬಾಲ ಎಳೆಯುತ್ತಿದ್ದಳು. ಇಪ್ಪತ್ತೇಳೇ ಯಾಕಮ್ಮ ಎಂದು ಒಮ್ಮೆ ಕೇಳಿದ್ದೆ. “ದೊಡ್ಡೋಳು ಹುಟ್ಟಿದ ತಾರೀಕು ಕಣೇ, ಮರೆಯೋ ಹಾಗಿಲ್ವಲ್ಲ” ಅಂದಳು.

ಇದನ್ನು ನಿನಗೆ ಆಗಲೇ ಹೇಳಬೇಕಿತ್ತು. ನೀನು ಗಂಡನ ಮನೆ ಬಿಟ್ಟು ಬಂದಾಗ ಅಮ್ಮ “ವಾಪಸ್ ಹೋಗು” ಅಂದದ್ದು ತಪ್ಪು. ನೀನು ಆರು ವರ್ಷ ಈ ಕಡೆ ತಲೆ ಹಾಕದೆ ಇದ್ದದ್ದು ಅರ್ಥವಾಗುವಂಥದ್ದೇ. ಆದರೆ “ನನ್ನ ಹೆಸರಾದರೂ ಎತ್ತುತ್ತಾಳಾ?” ಎಂದು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ನಾನು “ಇಲ್ಲ” ಎಂದೆ. ಆ ಸುಳ್ಳು ನನ್ನದು.

ಅಮ್ಮ ಹೋಗಿ ಎಂಟು ತಿಂಗಳಾಯಿತು. ಆ ವಾರ ಕೈ ತನ್ನ ಪಾಡಿಗೆ ಹದಿನಾರು ಚೀಲ ತುಂಬಿಬಿಟ್ಟಿತು. ಹಳೆಯ ಚಾಲಕರು ಅದೇ ತಿಂಗಳು ಕೆಲಸ ಬಿಟ್ಟಿದ್ದರು. ಹೊಸಬರು ಪಟ್ಟಿ ನೋಡಿಕೊಂಡು ಹೊರಟೇಬಿಟ್ಟರು. ಪಟ್ಟಿಯಿಂದ ಅಮ್ಮನ ಹೆಸರು ಹೊಡೆದುಹಾಕಬೇಕಾದವಳು ನಾನೇ. ಕೈ ಬರಲಿಲ್ಲ. ಪುಸ್ತಕ ಹೋದ ಹಾಗೇ ವಾಪಸ್ ಬರುತ್ತದೆ ಬಿಡು ಎಂದುಕೊಂಡೆ.

ವಾಪಸ್ ಬಂತು, ಇಪ್ಪತ್ತೇಳನೇ ಪುಟದಲ್ಲಿ ಸುತ್ತು ಹಾಕಿಸಿಕೊಂಡು.

ಅಮ್ಮ ಹಿಂದೆಂದೋ ಓದಿದ ಪ್ರತಿಯಿರಬೇಕು ಎಂದುಕೊಂಡೆ. ಮುಂದಿನ ವಾರವೂ ಹಾಗೇ ಆಯಿತು. ಆಮೇಲೆ, ಅಂದು ಬೆಳಿಗ್ಗೆಯಷ್ಟೇ ಪ್ರಕಾಶಕರಿಂದ ಬಂದ, ಅಂಟಿನ ವಾಸನೆಯೂ ಹೋಗದ ಪುಸ್ತಕವನ್ನು ಚೀಲಕ್ಕೆ ಹಾಕಿದೆ. ನನ್ನ ಮೇಲೇ ನನಗೆ ಅನುಮಾನ. ದುಃಖದಲ್ಲಿ ನಾನೇ ಗೀಚುತ್ತಿರಬಹುದಲ್ಲವೇ? ಅದಕ್ಕೇ ಮಕ್ಕಳ ವಿಭಾಗದ ಗೆಳತಿಯಿಂದ ಪುಟ ನೋಡಿಸಿ, ಚೀಲ ಕಟ್ಟಿಸಿ, ವಾಪಸ್ ಬಂದಾಗಲೂ ಅವಳ ಕೈಯಲ್ಲೇ ಬಿಚ್ಚಿಸಿದೆ. ಸುತ್ತು ಇತ್ತು, ಬಾಲವೂ ಇತ್ತು. ಅವಳು ಪುಸ್ತಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ನೀನು ನಾಲ್ಕು ದಿನ ರಜೆ ಹಾಕೇ ಮಾರಾಯ್ತಿ. ನಿನ್ನ ಜೊತೆ ನಾನೂ ಹಾಕ್ತೀನಿ” ಅಂದಳು.

ಚಾಲಕರಿಗೆ ಏನೂ ಗೊತ್ತಿಲ್ಲ. “ಏನ್ ಮೇಡಂ, ಒಂಬತ್ತನೇ ನಂಬರಿನ ಅಜ್ಜಿ ಪುಸ್ತಕ ಓದ್ತಾರೋ ನುಂಗ್ತಾರೋ? ಮಿಕ್ಕೋರೆಲ್ಲ ಇನ್ನೊಂದು ವಾರ ಇರಲಿ ಅಂತ ರಾಗ ಎಳೀತಾರೆ, ಇವರು ಒಂದು ವಾರಾನೂ ತಪ್ಪಿಸಲ್ಲ” ಎಂದು ನಗುತ್ತಾರೆ. ಅವರನ್ನು ನೋಡಿದ್ದೀರಾ ಎಂದು ಕೇಳಿದೆ. “ಎಲ್ಲಿ ಮೇಡಂ, ಪೆಟ್ಟಿಗೇಲಿಟ್ಟು ಬರೋದಷ್ಟೇ. ಒಂದೊಂದ್ಸಲ ಒಳಗಡೆ ಕೆಮ್ಮೋದು ಕೇಳ್ಸುತ್ತೆ.”

ಒಂದು ಭಾನುವಾರ ಮಟಮಟ ಮಧ್ಯಾಹ್ನ ಬೀಗ ತೆಗೆದು ಒಳಗೆ ಹೋದೆ. ನನ್ನ ಹೆಜ್ಜೆ ಮೂಡುವಷ್ಟು ಧೂಳಿತ್ತು, ಬೇರೆ ಯಾರ ಹೆಜ್ಜೆಯೂ ಇರಲಿಲ್ಲ. ಕಿಟಕಿ ಪಕ್ಕದ ಕುರ್ಚಿಯ ಕೈಮೇಲೆ ಅವಳ ಕನ್ನಡಕ. ಕಡ್ಡಿಗಳ ಮೇಲೆ ಧೂಳಿತ್ತು. ಗಾಜಿನ ಮೇಲೆ ಮಾತ್ರ ಇರಲಿಲ್ಲ. ಆಗಷ್ಟೇ ಸೆರಗಿನಿಂದ ಒರೆಸಿಟ್ಟ ಹಾಗಿತ್ತು. ಮುಟ್ಟಲಿಲ್ಲ ಅಕ್ಕ. ಬಾಗಿಲು ಎಳೆದುಕೊಂಡು ಓಡಿ ಬಂದೆ.

ಇನ್ನು ಬರೆಯಬೇಕಾದದ್ದು ಒಂದೇ ಇದೆ. ಅದಕ್ಕಾಗಿಯೇ ಇಷ್ಟು ಸುತ್ತು ಬಳಸಿದೆನೋ ಏನೋ.

ಅಮ್ಮ ಹೋಗುವ ಮೂರು ದಿನ ಮೊದಲಿನ ಗುರುವಾರ. ಅವಳ ಚೀಟಿಯಲ್ಲಿ ಪುಸ್ತಕದ ಹೆಸರಿರಲಿಲ್ಲ. ‘ದೊಡ್ಡವಳನ್ನು ಒಂದು ಸಲ ಕರೆಸು’ ಎಂದಿತ್ತು. ನಿನ್ನ ವಿಷಯ ಎತ್ತಿದರೆ ನಾನು ಮುಖ ಊದಿಸಿಕೊಳ್ಳುತ್ತೇನೆಂದು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದಿದ್ದಳು. ಆರು ವರ್ಷ ಪ್ರತಿ ಭಾನುವಾರ ಹೋಗಿ ಅವಳ ಕಾಲಿಗೆ ಎಣ್ಣೆ ತಿಕ್ಕಿದವಳು ನಾನು, ಬೇಕಾದವಳು ನೀನು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದು ನಾನೇ. ಮೇಜಿನ ಮೇಲೆ ಮುದ್ರೆ ಇತ್ತು. ‘ಲಭ್ಯವಿಲ್ಲ’ ಎಂದು ಒತ್ತಿ ಚೀಲದಲ್ಲಿ ಹಾಕಿ ಕಳಿಸಿದೆ.

ತಮಾಷೆಗೆ ಒತ್ತಿದ್ದು ಎಂದು ಎಷ್ಟೋ ದಿನ ನನಗೇ ಹೇಳಿಕೊಂಡಿದ್ದೇನೆ. ತಮಾಷೆಯಲ್ಲ. ಅವಳಿಗೆ ನೋವಾಗಲಿ ಎಂದೇ ಒತ್ತಿದೆ. ಭಾನುವಾರ ನಾನು ಹೋದಾಗ, ಕುರ್ಚಿಯಲ್ಲೇ ಜೀವ ಬಿಟ್ಟಿದ್ದ ಅವಳ ಮಡಿಲಲ್ಲಿದ್ದ ಪುಸ್ತಕದೊಳಗೆ, ಇಪ್ಪತ್ತೇಳನೇ ಪುಟದಲ್ಲಿ, ಆ ಚೀಟಿ ಇತ್ತು. ನೀನು ಬರುವ ಮೊದಲೇ ತೆಗೆದು ಬಚ್ಚಿಟ್ಟೆ.

ಈ ಎಂಟು ತಿಂಗಳೂ ಅವಳ ಚೀಲದ ಚೀಟಿ ಖಾಲಿಯೇ ಬರುತ್ತಿತ್ತು. ಕಳೆದ ಗುರುವಾರದ ಚೀಟಿ ಖಾಲಿ ಇರಲಿಲ್ಲ. ಅದೇ ವಾಲಿದ ಅಕ್ಷರ, ಅದೇ ಒಂದು ಸಾಲು.

ಒಂದು ವಾರ ಆ ಚೀಟಿಯನ್ನು ಕೈಚೀಲದಲ್ಲಿಟ್ಟುಕೊಂಡು ತಿರುಗಿದೆ. ಇವತ್ತು ಬೆಳಿಗ್ಗೆ ಯಾರೂ ಬರುವ ಮೊದಲೇ ಬಂದು ಇನ್ನೊಂದು ಮುದ್ರೆ ಒತ್ತಿದೆ. ‘ಕಾಯ್ದಿರಿಸಲಾಗಿದೆ’. ಪಕ್ಕದಲ್ಲಿ ಮುಂದಿನ ಗುರುವಾರದ ತಾರೀಕು ಬರೆದೆ. ಚೀಲದೊಳಗಿಟ್ಟು, ಬಾಯಿಗೆ ಕಾಗದದ ಪಟ್ಟಿ ಅಂಟಿಸಿ ಅದರ ಮೇಲೆ ಸಹಿ ಹಾಕಿದೆ. ಯಾರು ಬಿಚ್ಚಿದರೂ ಹರಿಯಲೇಬೇಕು. ಹತ್ತು ಗಂಟೆಗೆ ವ್ಯಾನು ಹೊರಟಿತು. ಯಾರಿಗೂ ಹೇಳಿಲ್ಲ, ಗೆಳತಿಗೂ.

ನಿನ್ನನ್ನು ಕೇಳದೆ ನಿನ್ನ ಪರವಾಗಿ ಮಾತು ಕೊಟ್ಟೆ. ಅಧಿಕಪ್ರಸಂಗವೇ. ಆದರೂ ಬಾ. ಗುರುವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ. ಇಬ್ಬರೂ ಹೋಗಿ ಬಾಗಿಲು ತೆಗೆಯೋಣ. ಒಳಗೆ ಏನೂ ಇರದಿದ್ದರೆ ನನಗೆ ತಲೆ ಕೆಟ್ಟಿದೆ ಎಂದುಕೊ. ಬೀಗದ ಕೈಯನ್ನು ಅಲ್ಲೇ ನಿನ್ನ ಕೈಗೆ ಕೊಡುತ್ತೇನೆ. ಇನ್ನೊಂದು ಸಲ ಅವಳಿಗೆ ‘ಲಭ್ಯವಿಲ್ಲ’ ಎನ್ನುವ ಶಕ್ತಿ ನನಗಿಲ್ಲ.

ನಿನ್ನ ತಂಗಿ,
ಹಿತ್ತಲ ಗಿಡ

ಇನ್ನೊಂದು ಮಾತು: ಈಗ ನಾಲ್ಕೂವರೆ. ಅಂಚೆಗೆ ಹೊರಟವಳು ಮತ್ತೆ ಕುಳಿತು ಬರೆಯುತ್ತಿದ್ದೇನೆ. ಚಾಲಕರು ಬಂದರು, ಕೈಯಲ್ಲಿ ಒಂಬತ್ತನೇ ನಂಬರಿನ ಎರಡೂ ಚೀಲ. ಕಳೆದ ವಾರದ್ದು ಸರಿ. ಇವತ್ತು ಕಳಿಸಿದ್ದೂ ವಾಪಸ್ ಬಂದಿದೆ. ಕಾಗದದ ಪಟ್ಟಿ ಹರಿದಿಲ್ಲ. ನನ್ನ ಸಹಿ ಹಾಗೇ ಇದೆ, ಚೀಟಿ ಒಳಗೇ ಇದೆ. ಚಾಲಕರಿಗೆ ಖುಷಿಯೋ ಖುಷಿ. “ಇವತ್ತು ಅಜ್ಜಿ ಮಾತಾಡಿದ್ರು ಮೇಡಂ! ಕಿಟಕಿ ಹಿಂದೆ ಕೂತಿದ್ರು. ಪುಸ್ತಕ ಬೇಡಪ್ಪ, ಬರೋ ಗುರುವಾರ ಮಕ್ಕಳಿಬ್ರೂ ಬರ್ತಾರೆ, ಓದೋಕೆ ಪುರುಸೊತ್ತಿರಲ್ಲ ಅಂದ್ರು.”

ಈ ಪತ್ರ ಇನ್ನೂ ನನ್ನ ಮೇಜಿನ ಮೇಲೇ ಇದೆ ಅಕ್ಕ.