ಗುಡ್ಡದ ನೆರಳಿನಲ್ಲಿ ಇಪ್ಪತ್ತೇಳನೆಯ ಬ್ಯಾಟರ್

ಬಳ್ಳಾರಿ ಗುಡ್ಡದ ಪಡುವಣ ಬಯಲು,
ಚೈತ್ರದ ಮೂವತ್ತೆಂಟನೆಯ ದಿನ, ಇಸವಿ 2391

ಬೇಸಗೆಯಲ್ಲೂ ಬಯಲಿಗೆ ಬರಬಲ್ಲ ನಮ್ಮ ಪೂರ್ವಿಕರಿಗೆ,

ಹುಲಿಗೆಮ್ಮನ ನಮಸ್ಕಾರಗಳು. ತಾರೀಕು ನೋಡಿ ಮುದುಕಿಗೆ ಅರಳುಮರಳು ಎನ್ನಬೇಡಿ. ಬೇಸ್‌ಬಾಲ್ ಪಂದ್ಯಗಳು ಮುಗಿಯುವ ತನಕ ನಾವು ಚೈತ್ರವನ್ನು ಮುಗಿಸುವುದಿಲ್ಲ. ದೂಳಿನ ಗಾಳಿಗೆ ಆಟ ಎಷ್ಟು ದಿನ ನಿಂತರೆ ತಿಂಗಳೂ ಅಷ್ಟು ದಿನ ಉದ್ದವಾಗುತ್ತದೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಂಡೀತು. ಮುನ್ನೂರು ಚಿಲ್ಲರೆ ವರ್ಷ ಸವೆದ ಮಾತು, ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಈ ಬಯಲಿನ ಕಣ್ಣಾಳು. ನಿಮ್ಮ ನಂತರದ ಕಾಲದಲ್ಲಿ ಯಾರು ಬೇಕಾದರೂ ಯಾವ ಚಿತ್ರವನ್ನು ಬೇಕಾದರೂ ಹುಟ್ಟಿಸುವಂತಾಗಿ, ಜನ ಚಿತ್ರ ನಂಬುವುದನ್ನೇ ಬಿಟ್ಟರು. ಕೋರ್ಟಾಗಲಿ ಆಟವಾಗಲಿ, ಒಬ್ಬ ಮನುಷ್ಯ ಎದ್ದು ನಿಂತು ‘ಕಂಡೆ’ ಎಂದರೆ ಮಾತ್ರ ಅದು ನಡೆದದ್ದು. ಹಾಗೆ ಹೇಳಲು ಪ್ರಮಾಣ ಮಾಡಿದವರೇ ಕಣ್ಣಾಳುಗಳು. ಕಣ್ಣು ತಪ್ಪಿದರೆ ಕ್ಷಮೆಯುಂಟು. ಬೇಕೆಂದೇ ಸುಳ್ಳು ಹೇಳಿದರೆ ಅವರು ಅಲ್ಲಿಯವರೆಗೆ ಬರೆದದ್ದಷ್ಟೂ ರದ್ದು. ನನ್ನ ಪುಸ್ತಕದಲ್ಲಿ ನಲವತ್ತು ವಸಂತಗಳಿವೆ. ನಾಳೆಯ ನಂತರ ಅವು ಉಳಿಯುತ್ತವೋ ಇಲ್ಲವೋ ಗೊತ್ತಿಲ್ಲ.

ಆಟವೇ ಕಸುಬಾದವರು ನಮ್ಮಲ್ಲಿ ನೂರಾರು ಮಂದಿ ಇದ್ದಾರೆ, ಆದರೆ ಆಡಲು ಸಿಗುವುದು ವಸಂತದ ಈ ಮೊದಲ ದಿನಗಳು ಮಾತ್ರ. ಆಮೇಲೆ ಬಯಲಿನಲ್ಲಿ ಕಾಲಿಡಲಾಗದು. ಬೆಳಕು ಹರಿಯುತ್ತಿದ್ದಂತೆ ಗುಡ್ಡದ ನೆರಳಿನಲ್ಲಿ ಆಟ ಶುರುವಾಗುತ್ತದೆ, ಬಿಸಿಲು ಏರುವ ಮುಂಚೆ ಮುಗಿಯುತ್ತದೆ. ಮೂವತ್ತು ಸಾವಿರ ಜನ ಒಗ್ಗಾಣಿ ಮಿರ್ಚಿಯ ಪೊಟ್ಟಣ ಹಿಡಿದು ಕೂರುತ್ತಾರೆ; ಹೌದು, ಅದು ಇನ್ನೂ ಇದೆ, ಹೆದರಬೇಡಿ. ನಿಮ್ಮ ಕಾಲದಲ್ಲಿ ಚಳಿದೇಶದವರು ವಸಂತದ ಮೊದಲ ಪಂದ್ಯಕ್ಕೆ ಬಯಲಿನ ಹಿಮ ಗೋರಿ ಆಡುತ್ತಿದ್ದರಂತೆ. ಅಬ್ಬಬ್ಬಾ! ಹಿಮವನ್ನು ನಾನು ಕಂಡಿಲ್ಲ, ಆದರೂ ಆ ಮಾತು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ನಾನು ಕಂಡದ್ದೂ ಕಡಿಮೆಯೇನಲ್ಲ. 2358ರ ವಸಂತದ ಮೊದಲ ದಿನ ರೇಣುಕವ್ವ ಹೊಡೆದ ಚೆಂಡು ಗುಡ್ಡದ ಬಂಡೆಯ ಮೇಲೆ ಹೋಗಿ ಕೂತಿತು. ಹದಿನೈದು ವರ್ಷ ಕಳೆದು ಅದೇ ವಾರದಲ್ಲಿ ಕುಂಟು ಮಾರೆಪ್ಪ ಮೂರು ಬೇಸ್ ದಾಟಿ, ಹೊರಟ ಜಾಗವಾದ ‘ಮನೆ’ಯನ್ನು ಓಡಿ ಮುಟ್ಟಿದ. ಆ ಓಟಕ್ಕೆ ಎದುರಾಳಿಗಳೂ ಅತ್ತರು. ಇಬ್ಬರೂ ಈಗಿಲ್ಲ. ಅವರು ಇದ್ದರೆನ್ನಲು ನನ್ನ ‘ಕಂಡೆ’ಯೊಂದೇ ಆಧಾರ.

ಈಗ ಈ ಚೈತ್ರದ ಒಂಬತ್ತನೆಯ ಬೆಳಗಿಗೆ ಬರುತ್ತೇನೆ. ನಮ್ಮೂರ ತಂಡದಲ್ಲಿ ಚೆಂಡೆಸೆಯುವ ಪಿಚರ್ ಗಾದಿಲಿಂಗಪ್ಪನಿಗೆ ನಲವತ್ತಮೂರು, ಇದೇ ಕೊನೆಯ ವಸಂತ ಎಂದು ಮೊದಲೇ ಹೇಳಿದ್ದ. ಅವನ ಭುಜದಲ್ಲಿ ಎಣ್ಣೆ ತೀಡಿಸಿಕೊಳ್ಳದ ಜಾಗವಿರಲಿಲ್ಲ. ಆದರೆ ಅಂದು ಅವನಿಗೆ ಏನಾಗಿತ್ತೋ, ಬಂದ ಬ್ಯಾಟರ್ ಬಂದ ಹಾಗೇ ವಾಪಸಾಗುತ್ತಿದ್ದ. ಇಪ್ಪತ್ತೇಳಕ್ಕೆ ಇಪ್ಪತ್ತೇಳು ಮಂದಿಯನ್ನೂ ಒಂದು ಬೇಸ್ ಮುಟ್ಟಗೊಡದೆ ಔಟ್ ಮಾಡಿದರೆ ಅದು ಪೂರ್ಣಾಟ. ಈ ಬಯಲಿನ ನೂರ ಹದಿನೆಂಟು ವರ್ಷದಲ್ಲಿ ಯಾರೂ ಅದನ್ನು ಮಾಡಿಲ್ಲ. ಇಪ್ಪತ್ತಾರು ಔಟಾದರು. ಮೂವತ್ತು ಸಾವಿರ ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿದೆ. ಸೂರ್ಯ ಗುಡ್ಡದ ನೆತ್ತಿಗೆ ಬಂದಾಗ ಅಂಪೈರ್ ಕೈಯೆತ್ತಿ ಆಟ ನಿಲ್ಲಿಸುತ್ತಾನೆ. ಇಡೀ ಬಯಲು ಕಣ್ಣು ಮುಚ್ಚಿ ಕೈಮುಗಿಯುತ್ತದೆ. ಅಂದು ಆಟದ ಗುಂಗಿನಲ್ಲಿ ಅಂಪೈರ್ ಮರೆತ. ಇಪ್ಪತ್ತೇಳನೆಯವನು ಹೊಡೆದ ಚೆಂಡು ಆಕಾಶದಲ್ಲಿದ್ದಾಗಲೇ ಮೊದಲ ಕಿರಣ ಬಿತ್ತು. ಹುಟ್ಟಿನಿಂದ ಬಂದ ಅಭ್ಯಾಸ ನೋಡಿ! ಮೂವತ್ತು ಸಾವಿರ ಜೋಡಿ ಕಣ್ಣು ಮುಚ್ಚಿದವು. ಅಂಪೈರನದೂ ಮುಚ್ಚಿತು, ಗಾದಿಲಿಂಗಪ್ಪನದೂ ಮುಚ್ಚಿತು, ನನ್ನದೂ ಮುಚ್ಚಿತು.

ತೆರೆದಾಗ ದೂರದ ಬೇಲಿಯ ಬುಡದಲ್ಲಿ, ಚೆಂಡು ಹಿಡಿಯಲು ನಿಂತಿದ್ದ ನಮ್ಮ ತಂಡದ ಸುಂಕಮ್ಮ ಅಂಗಾತ ಬಿದ್ದಿದ್ದಳು. ಚೆಂಡು ಆಕೆಯ ಗವಸಿನಲ್ಲಿತ್ತು. ನೆಲ ಮುಟ್ಟುವ ಮುಂಚೆ ಹಿಡಿದಿದ್ದರೆ ಔಟ್, ಮುಟ್ಟಿದ ಮೇಲಾದರೆ ಹಿಟ್, ಪೂರ್ಣಾಟ ಮುರಿದಂತೆ. ಕಣ್ಣಾಳು ನೋಡಿಯೇ ಇರುತ್ತಾಳೆಂದು ಎಲ್ಲರೂ ನನ್ನ ಕಡೆ ತಿರುಗಿದರು. ಗಾದಿಲಿಂಗಪ್ಪನೂ ತಿರುಗಿದ. ಇಪ್ಪತ್ತೆರಡು ವಸಂತ ನೋಡಿದ ಮುಖ ಅದು, ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ಕಂಡೆ. ಔಟ್” ಎಂದುಬಿಟ್ಟೆ.

ಬಯಲು ಹುಚ್ಚೆದ್ದಿತು. ಜನ ಅವನನ್ನು ಹೆಗಲ ಮೇಲೆ ಹೊತ್ತರು. ಅಷ್ಟರಲ್ಲಿ ಸುಂಕಮ್ಮ ಕುಂಟುತ್ತ ನನ್ನ ಬಳಿ ಬಂದು ಚೆಂಡನ್ನು ಮೇಜಿನ ಮೇಲಿಟ್ಟಳು.

“ಇಲ್ಲವ್ವಾ, ಇದು ನೆಲಕ್ಕ ಬಡಿದ ಮ್ಯಾಲ ಹಿಡ್ದೀನಿ,” ಎಂದಳು.

ಗಾದಿಲಿಂಗಪ್ಪ ಹೆಗಲಿಂದ ಇಳಿದು ಬಂದ. ಆಕೆಯನ್ನೂ ಚೆಂಡನ್ನೂ ಎಷ್ಟೋ ಹೊತ್ತು ನೋಡಿದ. ಆಮೇಲೆ ಆಕೆಯ ತಲೆಯ ದೂಳು ಕೊಡವಿ, “ಹುಲಿಗೆಮ್ಮಕ್ಕಾ, ಹಿಟ್ ಅಂತ ಬರಿಯಕ್ಕ. ಇಂಥಾಕಿ ನನ್ನ ತಂಡದಾಗ ಅದಾಳ ಅಂತ ಗೊತ್ತಾತಲ್ಲ, ಇನ್ನೇನ್ ಬೇಕು?” ಎಂದ. ಹೋಗಿ ಮತ್ತೆ ಚೆಂಡೆಸೆದು ಮುಂದಿನವನನ್ನು ಔಟ್ ಮಾಡಿದ. ಜನ ಎದ್ದು ನಿಂತರು. ಬಂಡೆಯ ಮೇಲೆ ಕೂತ ಚೆಂಡನ್ನು ಕಂಡಾಗಲೂ ನನಗೆ ಅಂಥ ಬೆರಗಾಗಿರಲಿಲ್ಲ. ಯಾರೂ ನೋಡದ ಹೊತ್ತಿನಲ್ಲಿ ಒಬ್ಬಳು ನೋಡಿದ್ದಳು. ಯಾರೂ ಕೇಳದಿದ್ದರೂ ಹೇಳಿದ್ದಳು.

ನನ್ನನ್ನು ಯಾರೂ ಬೈಯಲಿಲ್ಲ. “ಪಾಪ, ಅಕ್ಕಗ ಬಿಸ್ಲು ಹೊಡದಿರ್ಬೇಕು” ಎಂದರು. ನಾನು ತಲೆಯಾಡಿಸಿದೆ. ನನ್ನದು ಕಣ್ಣು ತಪ್ಪಿದ್ದು ಎಂದೇ ಎಲ್ಲರೂ ನಂಬಿದ್ದಾರೆ. ನಿಜ ಹೇಳಿದರೆ ನನ್ನ ಮಾನ ಹೋಗುವುದು ಹಾಗಿರಲಿ, ರೇಣುಕವ್ವನೂ ಮಾರೆಪ್ಪನೂ ಇದ್ದೇ ಇರಲಿಲ್ಲ ಎಂದಾಗುತ್ತದೆ. ಹೇಳದಿದ್ದರೆ ಅವರು ಒಬ್ಬ ಸುಳ್ಳಿಯ ಪುಸ್ತಕದಲ್ಲಿ ಉಳಿಯುತ್ತಾರೆ. ಒಂದು ತಿಂಗಳಿಂದ ಇದೇ ತೂಗಾಟದಲ್ಲಿ ನನಗೆ ಅನ್ನ ಸೇರಿಲ್ಲ.

ನಾಳೆ ಚೈತ್ರ ಮುಗಿಯುತ್ತದೆ, ನನ್ನ ಕೆಲಸವೂ ಮುಗಿಯುತ್ತದೆ. ಊರು ಆರಿಸಿದ ಹೊಸ ಕಣ್ಣಾಳು ಸುಂಕಮ್ಮ. ಪುಸ್ತಕ ಕೊಡುವಾಗ ಆಕೆಗೆ ಎಲ್ಲ ಹೇಳುತ್ತೇನೆ. ನಲವತ್ತು ವಸಂತ ಉಳಿಸುವುದೋ ಅಳಿಸುವುದೋ, ಇನ್ನು ಆಕೆಯ ಮಾತು. ನಿಮ್ಮನ್ನು ಬೇಡುವುದು ಇಷ್ಟೇ: ಆಕೆಯ ಎದುರು ನನ್ನ ನಾಲಿಗೆ ಹಿಂಜರಿಯದಿರಲೆಂದು ಮೊದಲು ನಿಮ್ಮ ಮುಂದೆ ಹೇಳಿ ನೋಡುತ್ತೇನೆ, ಕೇಳಿಸಿಕೊಳ್ಳಿ.

ನಾನು ಕಾಣಲಿಲ್ಲ.

ಇಂತಿ,
ಹುಲಿಗೆಮ್ಮ