ಅಂಗಿಯ ಗುಂಡಿ ಹಾಕುವವರು ಯಾರು?

ಖೈತಾನ್, ಕುವೈತ್
14 ಮಾರ್ಚ್ 2009, ಶನಿವಾರ

ಪ್ರೀತಿಯ ಐವಿಗೆ,

‘ಪ್ರೀತಿಯ’ ಎಂದು ಬರೆದವಳು ಅದನ್ನು ಹೊಡೆದು ಹಾಕಲೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಒಂದೇ ಗೋಡೆಯ ಆಚೆ ಈಚೆ ಅಷ್ಟು ವರ್ಷ ಬದುಕಿದವರು ನಾವು. ನಿನ್ನ ಮನೆಯಲ್ಲಿ ಮೀನು ಹುರಿದರೆ ಇಲ್ಲಿ ನನ್ನ ಅನ್ನ ಒಂದು ತುತ್ತು ಜಾಸ್ತಿ ಇಳಿಯುತ್ತಿತ್ತು. ಆದ್ದರಿಂದ ಇರಲಿ ಎಂದು ಬಿಟ್ಟಿದ್ದೇನೆ. ಹಾಗೆಂದು ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ.

ನೀವು ಎಗೈಲಾಕ್ಕೆ ಮನೆ ಬದಲಿಸಿದ ಮೇಲೆ ಬಾಗಿಲು ತಟ್ಟಿ ಜಗಳ ಮಾಡುವ ಸೌಕರ್ಯವೂ ಹೋಯಿತು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಕೂಗಾಡುತ್ತೇನೆ, ನೀನು ಮೌನ ಹಿಡಿಯುತ್ತೀ. ಅದಕ್ಕೇ ಈ ಕಾಗದ. ನಿನ್ನ ಗಂಡ ಫ್ರೆಡ್ರಿಕ್ ಅವರು ಸಂಜೆ ಇತ್ತ ಕಡೆ ಬರುವವರಿದ್ದಾರಂತೆ, ಅವರ ಕೈಯಲ್ಲಿ ಕೊಡುತ್ತೇನೆ. ಅಂಟು ಗಟ್ಟಿಯಾಗಿ ಹಚ್ಚುತ್ತೇನೆ. ಅವರು ಓದುವ ಪತ್ರ ಇದಲ್ಲ.

ಮೊದಲು ಕೆಲಸದ ಮಾತು. ಬರುವ ಮಂಗಳವಾರ ಇವರು ಆಸ್ಪತ್ರೆಗೆ ಬರಬೇಕು. ಆ ದಿನ ಪ್ರಶ್ನೆಗಳನ್ನು ನೀನೇ ಕೇಳಬೇಕು. ನಿನ್ನ ಬದಲು ಕೂರುವ ಆ ಲೊರೈನ್ ಬೇಡ. ಇಷ್ಟು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ಗೊತ್ತಿರಬೇಕು, ಏಕೆಂದರೆ ‘ನನ್ನ ಗಂಡನನ್ನು ಇನ್ನು ಮುಂದೆ ಏನೂ ಕೇಳಬೇಡ’ ಎಂದು ನಿನ್ನ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಕಿರುಚಿದವಳು ನಾನೇ.

ಲೊರೈನ್ ಒಳ್ಳೆಯ ಹುಡುಗಿ, ಇಲ್ಲ ಎನ್ನುವುದಿಲ್ಲ. ಆದರೆ ಇಲ್ಲಿಯೇ ಹುಟ್ಟಿ ಬೆಳೆದವಳು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಇವರಿಗೆ ಇಂಗ್ಲಿಷ್ ಬರುತ್ತದೆ, ಅರ್ದಿಯಾದ ಗೋದಾಮಿನಲ್ಲಿ ದಿನವಿಡೀ ಅದರಲ್ಲೇ ವ್ಯವಹಾರ. ಆದರೆ ಇವರ ಇಂಗ್ಲಿಷಿನಲ್ಲಿ ನೋವಿಗೆ ಮಾತಿಲ್ಲ. ನೋವಿದೆಯೇ? ಫೈನ್. ನಿದ್ದೆ? ಫೈನ್. ಮನಸ್ಸಿಗೆ ಬೇಸರವಾಗುತ್ತದೆಯೇ? ನೋ ನೋ, ಫೈನ್. ಎರಡು ಸಲವೂ ಹೀಗೇ, ನಾನು ಬೆಂಚಿನ ಮೇಲೆ ಸರಿಯಾಗಿ ಕೂರುವ ಮೊದಲೇ ಇವರು ಹೊರಗೆ. ಬೆರಳಿನ ಗಂಟುಗಳು ಇನ್ನೂ ಊದಿಕೊಂಡಿವೆ, ಉತ್ತರದಲ್ಲಿ ಮಾತ್ರ ಎಲ್ಲಾ ಚೆನ್ನಾಗಿದೆ. ರೋಗಿಯ ಬಾಯಿಂದಲೇ ನಿಜ ಬರದಿದ್ದರೆ ಈ ಹೊಸ ಇಂಜೆಕ್ಷನ್ ಮುಂದುವರಿಸಬೇಕೋ ನಿಲ್ಲಿಸಬೇಕೋ ತಾನು ಹೇಗೆ ತೀರ್ಮಾನಿಸಲಿ ಎಂದು ಡಾಕ್ಟರು ನನ್ನನ್ನೇ ಕೇಳಿದರು. ಮಂಗಳವಾರ ಅದರ ತೀರ್ಮಾನವಂತೆ. ಇವರೋ, ಐವಿ ಇಲ್ಲದಿದ್ದರೆ ತಾನು ಬರುವುದೇ ಇಲ್ಲ, ಖಲಾಸ್, ಎಂದು ಹಟ ಹಿಡಿದು ಕೂತಿದ್ದಾರೆ.

‘ಐವಿ ಇಲ್ಲದಿದ್ದರೆ.’ ನನ್ನ ಎದುರಿಗೇ ಹೇಳಿದರು ನೋಡು.

ಐವಿ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಸುತ್ತು ಬಳಸಿ ಬರೆದು ಪ್ರಯೋಜನವಿಲ್ಲ. ನೀನು ನನಗಿಂತ ಚೆಂದವೆಂದಲ್ಲ, ಆ ಭ್ರಮೆ ಬೇಡ. ನೀನು ಇವರನ್ನು ಅಣ್ಣ ಎನ್ನುತ್ತೀ, ಮನಸ್ಸಿನಲ್ಲೂ ಅಷ್ಟೇ ಎಂದು ನನಗೆ ಗೊತ್ತು. ಗೊತ್ತಿದ್ದೂ ಉರಿಯುತ್ತದೆ.

ಶುರುವಿನಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನೇ ಅಲ್ಲವೇ? ರಕ್ತದ ರಿಪೋರ್ಟ್ ಒಂದೇ ಸಾಲದು, ಗಂಟುನೋವಿನವರು ದಿನ ಹೇಗೆ ಕಳೆಯುತ್ತಾರೆಂದು ಅವರಿಂದಲೇ ಕೇಳಿ ಅಳೆಯಬೇಕು ಎಂದು ಡಾಕ್ಟರು ಹೊಸ ಪದ್ಧತಿ ತಂದಾಗ, ನಮ್ಮ ಊರಿನವರಿಗೆ ತುಳುವಿನಲ್ಲಿ ಕೇಳಲು ನರ್ಸುಗಳಲ್ಲಿ ನಿನ್ನನ್ನು ಆರಿಸಿ ಹಾಕಿದರು. ನಮ್ಮ ಐವಿಯೇ ಇರುತ್ತಾಳೆ ಎಂದು ನಾನು ಪತ್ರೊಡೆ ಮಾಡಿ ಕಳಿಸಿದ್ದೆ. ಮೊದಲ ದಿನ ಇವರ ಪಕ್ಕದ ಕುರ್ಚಿಯಲ್ಲಿ ಕೂತೆ. ಅಲ್ಲಿಯವರೆಗೂ ಡಾಕ್ಟರು ಇವರ ಮುಖ ನೋಡಿ ಕೇಳುತ್ತಿದ್ದರು, ಉತ್ತರ ನಾನು ಕೊಡುತ್ತಿದ್ದೆ. ನೀನು ನಗುತ್ತಾ, “ಕುಸುಮಕ್ಕ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ಇದು ಅಣ್ಣನೇ ಹೇಳ್ಬೇಕು, ರೂಲ್ಸ್ ಹಾಗೆ ಉಂಟು” ಎಂದೆ. ನಾನೂ ನಕ್ಕು ಎದ್ದು ಹೋದೆ. ಬಾಗಿಲು ಹಾಕಿಕೊಂಡಿತು.

ಆ ಬಾಗಿಲಿನ ಹೊರಗೆ ಕೂತವಳಿಗೆ ಒಳಗಿನ ಮಾತು ಕೇಳುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಇವರ ದನಿ ಎಡೆಬಿಡದೆ ಬರುತ್ತಿತ್ತು. ಮನೆಯಲ್ಲಿ ‘ಸಾರಿಗೆ ಉಪ್ಪು ಕಡಿಮೆ’ ಎನ್ನಲು ಎರಡು ಸಲ ಯೋಚಿಸುವ ಮನುಷ್ಯ! ಆಮೇಲೆ ಒಂದು ನಗು ಕೇಳಿತು. ಇವರದೇ. ಈ ಕಾಯಿಲೆ ಬಂದ ಮೇಲೆ ಇವರು ಹಾಗೆ ಬಾಯಿ ಬಿಟ್ಟು ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಈಜಿಪ್ಟಿನ ಹೆಂಗಸು ನನ್ನ ಮುಖ ನೋಡಿ ತನ್ನ ಖರ್ಜೂರದ ಡಬ್ಬಿ ಮುಂದೆ ಹಿಡಿದಳು. ಬೇಡವೆಂದೆ.

ದಾರಿಯಲ್ಲಿ ಎಷ್ಟು ಕೇಳಿದರೂ ಇವರದು ಒಂದೇ ಉತ್ತರ, “ದಾಲ ಇಜ್ಜಿ.” ಏನೂ ಇಲ್ಲವಂತೆ. ನಿನ್ನನ್ನು ಕೇಳಿದರೆ, ಪೇಶೆಂಟ್ ಹೇಳಿದ್ದನ್ನು ಹೊರಗೆ ಹೇಳುವ ಹಾಗಿಲ್ಲವಂತೆ. ಹೊರಗೆ! ಹದಿನಾರು ವರ್ಷ ಇವರ ಬಟ್ಟೆ ಒಗೆದ ನಾನು ಹೊರಗಿನವಳು.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಅಂಗಿಯ ವಿಷಯ ಮಾತ್ರ ನನ್ನಿಂದ ಆಗಲಿಲ್ಲ. ನಿನ್ನ ಪ್ರಶ್ನೆಗಳಲ್ಲಿ ಒಂದಿತ್ತಂತೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಎಷ್ಟು ಕಷ್ಟವಾಗುತ್ತದೆ ಎಂದು. ಇಷ್ಟನ್ನು ಇವರೇ ಮನೆಯಲ್ಲಿ ಹೇಳಿದರು. ಕಷ್ಟವೇ ಇಲ್ಲ ಎಂದರಂತೆ. ಬಾಟಲಿಯ ಮುಚ್ಚಳ ತೆಗೆಯಲು? ಕಷ್ಟ ಇಲ್ಲ. ಊಟ ಮಾಡಲು? ಕಷ್ಟ ಇಲ್ಲ. ಅದರಲ್ಲಿ ಸುಳ್ಳು ಯಾವುದಿದೆ ಹೇಳು. ಬೆಳಿಗ್ಗೆ ಇವರು ಎದೆ ಮುಂದೆ ಮಾಡಿ ನಿಂತರೆ ಗುಂಡಿಗಳು ತಾವಾಗಿ ಬೀಳುತ್ತವೆ, ಬಾಟಲಿ ಮುಚ್ಚಳ ಸಡಿಲಿಸಿಯೇ ಬರುತ್ತದೆ, ಬಂಗುಡೆ ಮುಳ್ಳು ಬಿಡಿಸಿಕೊಂಡೇ ತಟ್ಟೆಗೆ ಬೀಳುತ್ತದೆ. ಬೇರೆ ಯಾರಾದರೂ ಆಗಿದ್ದರೆ ಕಷ್ಟವಿಲ್ಲ ಎಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದರು. ನೀನು ಕೇಳಿದೆಯಂತೆ, “ಬಟನ್ ಹಾಕುವುದು ಯಾರು ಅಣ್ಣ?” “ಕುಸುಮ.” “ಮುಚ್ಚಳ?” “ಕುಸುಮ.” “ಹಾಗಾದ್ರೆ ಒಂದು ವಾರ ನೀವೇ ಮಾಡಿ ನೋಡಿ, ಆಮೇಲೆ ಬಂದು ಹೇಳಿ.”

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಅಂಗಿಯ ಕಡೆಗೆ ಕೈ ನೀಡಿದರೆ ಇವರು ಕೈ ಸರಿಸಿದರು. “ಬೇಡ. ಐವಿ ಹೇಳಿದ್ದಾಳೆ.” ನಮ್ಮ ಕೋಣೆಯಲ್ಲಿ, ನಮ್ಮ ಕನ್ನಡಿಯ ಮುಂದೆ, ನನ್ನ ಕೈಗೂ ಇವರ ಎದೆಗೂ ನಡುವೆ ನಿನ್ನ ಹೆಸರು. ನನ್ನ ಜಾಗದಲ್ಲಿ ನೀನಿದ್ದರೆ ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಮಾಡುತ್ತಿದ್ದೆಯೇನೋ. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ.

ಕೆಳಗೆ ಕಂಪನಿಯ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಇಣುಕಿ ನೋಡಿದೆ. ಶುಂಠಿಯ ಹಾಗಿರುವ ಆ ಬೆರಳುಗಳಲ್ಲಿ ಗುಂಡಿ ನಿಲ್ಲುತ್ತಲೇ ಇಲ್ಲ. ಹಿಡಿಯುತ್ತಾರೆ, ಜಾರುತ್ತದೆ, ಮತ್ತೆ ಹಿಡಿಯುತ್ತಾರೆ. ಹಣೆಯ ಮೇಲೆ ಬೆವರು. ಗೋದಾಮಿನಲ್ಲಿ ಗೊತ್ತಾದರೆ ಇಲ್ಲಿ ಉಳಿಯುವ ಇಕಾಮಾ ಪರವಾನಗಿ ನವೀಕರಿಸುವುದಿಲ್ಲವೇನೋ ಎಂದು ಹೆದರಿ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ ತಿರುಗುವ ಮನುಷ್ಯ ಅಂದು ನನ್ನ ಎದುರು ಆ ಕೈಯನ್ನು ಮುಚ್ಚಿಡಲಿಲ್ಲ. ವ್ಯಾನು ಹೋಯಿತು, ಟ್ಯಾಕ್ಸಿಯಲ್ಲಿ ಹೋದರು. ಇಷ್ಟು ಹಾಳಾಗಿದೆ ಎಂದು ನನಗೆ ಗೊತ್ತಿರಲಿಲ್ಲ ಐವಿ. ದಿನಾ ಆ ಕೈ ಹಿಡಿಯುವ ನನಗೆ.

ವಾರ ಕಳೆದು ಇವರು ನಿನ್ನ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿರಬೇಕು, ಅಂದೇ ಡಾಕ್ಟರು ಹೊಸ ಇಂಜೆಕ್ಷನ್ ಬರೆದರು. ಖುಷಿಪಡಬೇಕಾದ ನಾನು ಕಾರಿಡಾರಿನಲ್ಲಿ ನಿನ್ನನ್ನು ಹಿಡಿದುಕೊಂಡೆ. ನಮ್ಮ ಮನೆಯ ಅಂಗಿಯ ಉಸಾಬರಿ ನಿನಗೇಕೆ, ನಿನಗೆ ನಿನ್ನ ಗಂಡ ಇಲ್ಲವೇ ಎಂದೆ. ಒಂದಕ್ಷರ ತುಳು ಬಾರದ ಗುಮಾಸ್ತ ಕೂಡ ಫೈಲಿನಿಂದ ತಲೆಯೆತ್ತಿ ನೋಡಿದ. ನೀನು “ಆಯ್ತು ಕುಸುಮಕ್ಕ” ಎಂದು ಒಳಗೆ ಹೋದವಳು ಮುಂದಿನ ಸಲ ಲೊರೈನ್‌ಳನ್ನು ಕೂರಿಸಿದೆ. ಅಷ್ಟು ಸುಲಭವಾಗಿ ಬಿಟ್ಟುಕೊಟ್ಟೆಯಲ್ಲ, ಅದಕ್ಕೂ ನನಗೆ ಸಿಟ್ಟು.

ನೀನಿಲ್ಲದಿದ್ದರೆ ನಾನಿಲ್ಲವೇ ಎಂದು ನಿನ್ನೆ ಶುಕ್ರವಾರ ಊಟವಾದ ಮೇಲೆ ನಾನೇ ಕೇಳಲು ಕೂತೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ್ದು, ಈಗ ಎಷ್ಟು ಹೇಳಿ ಎಂದೆ. ನಿನ್ನ ಹಾಗೇ ಮೆತ್ತಗೆ ಕೇಳಿದೆ. “ಎಂತದೂ ಇಲ್ಲ ಮಾರಾಯ್ತಿ, ಮಲಗುವ” ಎಂದರು. ಬಿಡಲಿಲ್ಲ. ಐವಿಗೆ ಎಷ್ಟು ಹೇಳುತ್ತಿದ್ದಿರಿ ಎಂದೆ. “ಏಳು” ಎಂದರು. ಏಳು! ನಾನು ಎದ್ದು ನಿಂತೆ. ಕಣ್ಣಲ್ಲಿ ನೀರು ಬಂತು. ಊರಿನಲ್ಲಿರುವ ನನ್ನ ಅಣ್ಣನಿಗೆ ಫೋನ್ ಮಾಡುತ್ತೇನೆ, ಟಿಕೆಟ್ ತೆಗೆಸುತ್ತೇನೆ, ಈ ಊರೂ ಬೇಡ ಈ ಕೆಲಸವೂ ಬೇಡ ಎಂದೆಲ್ಲ ಹೇಳಿಬಿಟ್ಟೆ. ಪಾಠ ಓದುತ್ತಿದ್ದ ನಮ್ಮ ಅಕ್ಷಯಾ ಪುಸ್ತಕದಿಂದ ತಲೆ ಎತ್ತದೆ, “ಅಮ್ಮಾ, ಯು ಆರ್ ನಾಟ್ ನ್ಯೂಟ್ರಲ್” ಎಂದಳು.

ಇವರು ನನ್ನ ಸೆರಗು ಹಿಡಿದು ಕೂರಿಸಿದರು. “ನೋಡು, ಐವಿಗೆ ಏಳು ಅಂದ್ರೆ ಏಳೇ. ಬರ್ಕೊಂಡು ಮುಂದಿನದು ಕೇಳ್ತಾಳೆ. ನಿನಗೆ ಏಳು ಅಂದ್ರೆ ಎಪ್ಪತ್ತು ಅಂತ ಕೇಳ್ತದೆ. ಆಮೇಲೆ ನನ್ನ ನೋವು ಬಿಟ್ಟು ನಿನ್ನನ್ನು ಸಮಾಧಾನ ಮಾಡುವುದೇ ನನಗೆ ಕೆಲಸ” ಎಂದರು.

ನಿನಗೆ ಇವರ ಮೇಲೆ ನನ್ನಷ್ಟು ಪ್ರೀತಿ ಇಲ್ಲ, ಆದ್ದರಿಂದ ನಿಜವೆಲ್ಲ ನಿನ್ನ ಪಾಲು. ಪ್ರೀತಿ ಇರುವ ನನ್ನ ಪಾಲಿಗೆ ‘ದಾಲ ಇಜ್ಜಿ’. ಇದು ಯಾವ ನ್ಯಾಯ? ಇಡೀ ಮಧ್ಯಾಹ್ನ ಯೋಚಿಸಿದೆ. ಇಂದು ಬೆಳಿಗ್ಗೆ ಕಾಗದ ತೆಗೆದುಕೊಂಡೆ.

ಇನ್ನೂ ಒಂದನ್ನು ಹೇಳಿಬಿಡುತ್ತೇನೆ, ನಗಬೇಡ. ಇಂಜೆಕ್ಷನ್ ಶುರುವಾದ ಮೇಲೆ ಇವರಿಗೆ ಕೆಳಗಿನ ಗುಂಡಿಗಳು ಒಂದೊಂದಾಗಿ ಬರುತ್ತಿವೆ. ಕುತ್ತಿಗೆಯ ಗುಂಡಿ ಮಾತ್ರ ಇನ್ನೂ ಆಗುವುದಿಲ್ಲ, ಅದಕ್ಕೆ ನನ್ನನ್ನು ಕರೆಯುತ್ತಾರೆ. ಅದೊಂದು ಹೀಗೇ ಉಳಿಯಲಿ ಎಂದು ಕೆಲವು ದಿನ ನನಗೆ ಅನಿಸುತ್ತದೆ. ಗಂಡ ಗುಣವಾಗುವುದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವ ಹೆಂಡತಿಯನ್ನು ನೀನು ಇನ್ನೆಲ್ಲಾದರೂ ಕಂಡಿದ್ದೀಯಾ? ಆದರೂ ಮಂಗಳವಾರ ನೀನೇ ಕೇಳು. ಇವರ ಬೆರಳು ಮಡಚುವುದು ನನ್ನ ಉರಿಗಿಂತ ಮುಖ್ಯ. ನಾನು ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂರುತ್ತೇನೆ.

ಮೊದಲ ದಿನ ಇವರು ಯಾಕೆ ನಕ್ಕರೆಂದು ಮಾತ್ರ ಹೇಳಬಹುದಿತ್ತು ನೀನು. ಗಂಡ ಹೆಂಡತಿಯ ನಡುವೆ ಕಾಯಿಲೆ ಅಡ್ಡ ಬಂದಿದೆಯೇ ಎಂಬ ಪ್ರಶ್ನೆಯೂ ಇದೆಯೆಂದು ಇವರ ಬಾಯಿಂದ ಜಾರಿತು. ಅದಕ್ಕೆ ಏನು ಹೇಳಿದರು? ನನ್ನ ಹೆಸರು ಬಂದಾಗ ದನಿ ಹೇಗಿತ್ತು? ನೀನು ಹೇಳುವುದಿಲ್ಲ. ಕೊರಳು ಹಿಸುಕಿದರೂ ಹೇಳುವವಳಲ್ಲ. ಅದು ಗೊತ್ತಿದ್ದೇ ಕೇಳುತ್ತಿದ್ದೇನೆ.

ರಾನ್ಸನ್‌ಗೆ ಪರೀಕ್ಷೆ ಹತ್ತಿರ ಬಂತೆಂದು ಅಕ್ಷಯಾ ಹೇಳಿದಳು, ಮಗನಿಗೆ ನನ್ನ ಆಶೀರ್ವಾದ ತಿಳಿಸು. ಮಂಗಳವಾರ ಬರುತ್ತೇವೆ.

ನಿನ್ನ ಮೇಲೆ ಸಿಟ್ಟು ಹಾಗೆಯೇ ಇರುವ,
ಕುಸುಮಾವತಿ

ತಾ.ಕ.: ಪತ್ರ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ಈಚೆಗೆ ಒಂದು ದಿನ ಸ್ನಾನ ಮಾಡುವಾಗ ಎಡಗಡೆಯ ಸ್ತನದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಕಡಲೆಕಾಳಿಗಿಂತ ದೊಡ್ಡದು, ಒತ್ತಿದರೆ ಜಾರುವುದಿಲ್ಲ. ನೋವು ಎಳ್ಳಷ್ಟೂ ಇಲ್ಲ, ನಿನ್ನ ಲೆಕ್ಕದಲ್ಲಿ ಸೊನ್ನೆ. ಯಾರಿಗೂ ಹೇಳಿಲ್ಲ. ಇವರು ಮೊನ್ನೆ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದರು, ದಾಲ ಇಜ್ಜಿ ಎಂದೆ. ಮಂಗಳವಾರ ಇವರನ್ನು ಕೇಳಿ ಮುಗಿಸಿದ ಮೇಲೆ ನನ್ನನ್ನು ಒಳಗೆ ಕರೆದು ಬಾಗಿಲು ಹಾಕು. ನಾನು ಏನು ಹೇಳಿದೆನೆಂದು ಇವರು ಖಂಡಿತ ನಿನ್ನನ್ನು ಕೇಳುತ್ತಾರೆ. ಹೇಳಬೇಡ.