ಬೀರುವಿನಲ್ಲಿಟ್ಟ ಮಾತು

ಜೂನ್ 3, ಸೋಮವಾರ

ಮಹಾರಾಣಿ ಎಂದು ನಾನೇ ಹೆಸರಿಟ್ಟವಳ ಸ್ಪೀಚ್ ಕ್ಲಾಸು ಹನ್ನೊಂದರಿಂದ ಹನ್ನೊಂದೂಮುಕ್ಕಾಲು. ಇಂದು ಅವಳ ಮಾತಿನ ಚಿತ್ರಬೋರ್ಡಿನ ಮೇಲೆ ಎಂಟು ಚಿತ್ರ ಮುಟ್ಟಿ ತೋರಿಸಿದಳು. ನೀರು, ಕಿಟಕಿ, ಅಕ್ಕ... ಕೊನೆಗೆ ಅಂಗೈ ಎತ್ತಿದ ಚಿತ್ರ — ಸಾಕು. ಸಾಕೆಂದರೆ ಸಾಕು, ನಿಲ್ಲಿಸಿದೆ. ಇಪ್ಪತ್ತಾರು ವರ್ಷದಲ್ಲಿ ಬಾಯಿಂದ ಒಂದು ಮಾತು ಹೊರಟಿಲ್ಲ, ಆದರೆ ಆ ಬೆರಳಿನ ಗತ್ತು ನೋಡಬೇಕು. ಬೋರ್ಡ್ ಒರೆಸಿ ಬೀರುವಿಗೆ ಸೇರಿಸಿ ಬೀಗ ಹಾಕಿದೆ. ಸ್ಪೀಚ್ ವಿಭಾಗದ ಸಾಮಾನು ಸ್ಪೀಚ್ ಬೀರುವಿನಲ್ಲಿ. ಹದಿನೆಂಟು ವರ್ಷದ ಅಭ್ಯಾಸ.

ಆಮೇಲೆ ಅವಳು ಪಕ್ಕದ ಕೋಣೆಗೆ, ಟಕ್‌ಟಕ್ ಸಾರ್ ಹತ್ತಿರ. ವರ್ತನಾ ತಜ್ಞ. ಯಾರು ಏನು ಮಾಡಿದರೂ ಕೈಯಲ್ಲಿನ ಎಣಿಕೆಯ ಕೌಂಟರ್ ಟಕ್ ಎಂದು ಒತ್ತುತ್ತಾನೆ, ಅದಕ್ಕೇ ಆ ಹೆಸರು. ಹನ್ನೆರಡಕ್ಕೆ ಮುಂಗೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದ.

"ಮೇಡಂ, ನಿಮ್ಮ ಹತ್ರ ಯಾಕೆ ಕಚ್ಚಲ್ಲ ಅವಳು?"

"ನಾನು ಅವಳ ಮಾತು ಕೇಳ್ತೀನಿ ಸರ್. ನೀವು ಎಣಿಸ್ತೀರಿ."

ಇಂಗು ತಿಂದ ಮಂಗನ ಹಾಗೆ ನಿಂತ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಜೂನ್ 5, ಬುಧವಾರ, ಸಂಜೆ 4

ಮೀಟಿಂಗ್. ತಿಂಗಳ ಕೊನೆಯೊಳಗೆ ಕಚ್ಚುವುದು ನಿಲ್ಲದಿದ್ದರೆ ಮಹಾರಾಣಿಯನ್ನು ಈ ವಿಶೇಷ ತರಬೇತಿ ಕೇಂದ್ರದಿಂದ ಬಿಡಿಸುತ್ತಾರಂತೆ. ನಿರ್ದೇಶಕರ ಅಪ್ಪಣೆ. ಅವಳ ಅಕ್ಕ ಬಸ್ ಓಡಿಸುವವಳು, ಬೆಳಗಿನ ಪಾಳಿ. ಮನೆಯಲ್ಲಿ ಮತ್ತೊಬ್ಬರಿಲ್ಲ.

"ಇವಳನ್ನ ರೂಮಲ್ಲಿ ಕೂಡಿಹಾಕಿ ಕೆಲ್ಸಕ್ಕೆ ಹೋಗ್ಲಾ ಸರ್? ನೀವೇ ಹೇಳಿ," ಎಂದಳು ಅಕ್ಕ. ನಿರ್ದೇಶಕರು ಮುಂದಿನ ಫೈಲ್ ತೆರೆದರು.

ನನಗೂ ಟಕ್‌ಟಕ್‌ಗೂ ಅಲ್ಲಿಯೂ ಜಗಳ. ಎತ್ತು ಏರಿಗೆ, ಕೋಣ ನೀರಿಗೆ. ಎತ್ತು ನಾನೇ ಎಂದುಕೊಂಡಿದ್ದೇನೆ.

ಜೂನ್ 12, ಬುಧವಾರ

ಟಕ್‌ಟಕ್ ಒಂದು ಹಾಳೆ ಹಿಡಿದು ಬಂದ. ಸೆರಗು ಸಿಕ್ಕಿಸಿ ಸಿದ್ಧಳಾದೆ.

ಏಳು ದಿನ, ಹತ್ತೊಂಬತ್ತು ಸಲ ಕಚ್ಚಿದ್ದಾಳೆ. ಹದಿನೇಳು ಸಲ ಹನ್ನೊಂದೂಮುಕ್ಕಾಲರಿಂದ ಊಟದ ಹೊತ್ತಿನೊಳಗೆ.

"ಹನ್ನೊಂದೂಮುಕ್ಕಾಲಕ್ಕೆ ಏನಾಗುತ್ತೆ ಮೇಡಂ?"

"ನನ್ನನ್ಯಾಕೆ ಕೇಳ್ತೀರಾ? ನಾನೇನು ಹೇಳಿಕೊಟ್ಟು ಕಳಿಸ್ತೀನಾ?" ಕಿರುಚಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಏಕೆಂದರೆ ಆಗಲೇ ಕೈ ಸೊಂಟದಲ್ಲಿದ್ದ ಬೀರುವಿನ ಕೀಲಿಗೆ ಹೋಗಿತ್ತು.

ಹನ್ನೊಂದೂಮುಕ್ಕಾಲಕ್ಕೆ ಬೀಗ ಹಾಕುತ್ತೇನೆ. ಅದೇ ಆಗುವುದು. ಮುಕ್ಕಾಲು ಗಂಟೆ ಮಾತು ಕೊಟ್ಟು, ಒರೆಸಿ, ಕಿತ್ತಿಟ್ಟುಕೊಳ್ಳುತ್ತೇನೆ. ಮಿಕ್ಕ ಹೊತ್ತು 'ಸಾಕು' ಎನ್ನಲು ಹಲ್ಲಲ್ಲದೆ ಅವಳ ಬಳಿ ಬೇರೇನಿದೆ? ಹದಿನೆಂಟು ವರ್ಷ... ಎಷ್ಟು ಜನರ ಮಾತಿಗೆ ಬೀಗ ಹಾಕಿರಬಹುದು. ಅವನ ಮುಂದೆಯೇ ಅತ್ತುಬಿಟ್ಟೆ.

ಹಂಗಿಸಬಹುದಿತ್ತು. ಹಂಗಿಸಲಿಲ್ಲ. "ನಾನೂ ಕೇಳಿರ್ಲಿಲ್ಲ ಮೇಡಂ. ಸುಮ್ನೆ ಎಣಿಸ್ತಾ ಇದ್ದೆ."

ಜೂನ್ 13, ಗುರುವಾರ

ಬೋರ್ಡಿಗೆ ಪಟ್ಟಿ ಕಟ್ಟಿ ಅವಳ ಕೊರಳಿಗೆ ಹಾಕಿದೆವು. ಅವನ ಕೋಣೆಯಲ್ಲಿ ಇಂದು ನಲವತ್ತು ಸಲ 'ಸಾಕು'. ನಲವತ್ತು ಸಲವೂ ನಿಲ್ಲಿಸಿದ, ಪಾಪ.

"ಹೀಗೇ ಬಿಟ್ರೆ ಕೆಲ್ಸ ಕಲಿಯೋದು ಯಾವಾಗ?"

"ಇಪ್ಪತ್ತಾರು ವರ್ಷದ್ದು ಒಳಗೇ ಇದೆ ಸರ್. ಮೊದಲು ಹೇಳಿ ಮುಗಿಸ್ಲಿ."

ಕಚ್ಚಿದ್ದು? ಸೊನ್ನೆ.

ಜೂನ್ 21, ಶುಕ್ರವಾರ

ವಾರದಲ್ಲಿ ಕಚ್ಚಿದ್ದು ಎರಡೇ ಸಲ. 'ಸಾಕು' ದಿನಕ್ಕೆ ಹನ್ನೆರಡು ಸಲಕ್ಕೆ ಇಳಿದಿದೆ. ನಡುವೆ ಲಕೋಟೆಗೆ ಅಂಟು ಹಚ್ಚುವ ಕೆಲಸವೂ ಸಾಗುತ್ತಿದೆ.

ನಿರ್ದೇಶಕರಿಗೆ ಮಾತ್ರ ಸಮಾಧಾನವಿಲ್ಲ. ಬೋರ್ಡಿನ ಮೂಲೆ ಹರಿದಿದೆ, ಸಾರು ಬಿದ್ದಿದೆ, ಅದು ವಿಭಾಗದ ಆಸ್ತಿ. ನಿಜವಾದ ಉರಿ ಆಮೇಲೆ ಹೊರಬಿತ್ತು: "ನಿನ್ನೆ ಬಂದ ಗೆಸ್ಟ್ ಮುಂದೆ ನನಗೇ 'ಸಾಕು' ಅಂದ್ಲು! ಬೋರ್ಡ್ ವಾಪಸ್ ಬೀರುಗೆ ಹೋಗ್ಬೇಕು."

ಕೀಲಿ ತೆಗೆದು ಅವರ ಮೇಜಿನ ಮೇಲಿಟ್ಟೆ. "ಬೀರು ನೀವೇ ಇಟ್ಕೊಳ್ಳಿ ಸರ್. ಬೋರ್ಡ್ ಬರಲ್ಲ."

ಟಕ್‌ಟಕ್ ನನ್ನ ಪಕ್ಕದಲ್ಲಿ ನಿಂತ. "ನಾನೂ ಕೊಡಲ್ಲ ಸರ್."

ಇಬ್ಬರಿಗೂ ಮೆಮೊ. ಇಪ್ಪತ್ತೆಂಟಕ್ಕೆ ಕ್ಷಮಾಪಣೆ ಪತ್ರ ಕೊಡಬೇಕಂತೆ. ಸೊಪ್ಪು ಹಾಕುವವರು ಯಾರು!

ಜೂನ್ 28, ಶುಕ್ರವಾರ, ಮಧ್ಯಾಹ್ನ 2.50

ಬೆಳಿಗ್ಗೆ ನಿರ್ದೇಶಕರು ತಾವೇ ಬಂದರು. ನೇರ ಮಹಾರಾಣಿಯ ಕೊರಳ ಪಟ್ಟಿಗೆ ಕೈ ಹಾಕಿದರು. ಮಣಿಕಟ್ಟು ಅವಳ ಬಾಯಿಯ ಹತ್ತಿರವೇ. ಈಗ ಕಚ್ಚಿದರೆ ಎಲ್ಲ ಮುಗಿಯಿತು.

ಕಚ್ಚಲಿಲ್ಲ. ಬೋರ್ಡ್ ಎದೆಗೆ ಒತ್ತಿಕೊಂಡು ಅಂಗೈ ಚಿತ್ರ ಮುಟ್ಟಿದಳು. ಮತ್ತೊಮ್ಮೆ ಮುಟ್ಟಿದಳು. ಅವರ ಮುಖ ನೋಡುತ್ತ ಮೂರನೆಯ ಸಲ.

ನಿರ್ದೇಶಕರ ಕೈ ಹಿಂದಕ್ಕೆ ಹೋಯಿತು. ನನ್ನ ಪಕ್ಕದಲ್ಲಿ ಟಕ್ ಎಂದಿತು ಕೌಂಟರ್.

"ಏನ್ ಎಣಿಸಿದ್ರಿ?" ಎಂದೆ.

"ಅವರು ನಿಲ್ಲಿಸಿದ್ದು."

ಮೂರು ಗಂಟೆಗೆ ನಿರ್ದೇಶಕರ ಕೋಣೆಗೆ ಬರಬೇಕಂತೆ, ಪತ್ರದೊಂದಿಗೆ. ಬರೆದಿದ್ದೇವೆ. ಒಂದೇ ಪತ್ರ, ಎರಡು ಸಹಿ, ಅವನ ಹಾಳೆಗಳೆಲ್ಲ ಜೊತೆಗೆ. 'ಕ್ಷಮೆ' ಎಂಬ ಪದ ಒಂದೇ ಕಡೆ ಇದೆ, ಅದು ಮಹಾರಾಣಿಗೆ. ಪಾಳಿ ಮುಗಿಸಿ ಅಕ್ಕನೂ ಬಂದಿದ್ದಾಳೆ, ಯೂನಿಫಾರ್ಮಿನಲ್ಲೇ. "ಇವಳ ಪರವಾಗಿ ಏನ್ ಹೇಳ್ತೀರಾ ಮೇಡಂ?" ಎಂದು ಕೇಳುತ್ತಾಳೆ.

ಏನೂ ಇಲ್ಲ. ಮಹಾರಾಣಿಯನ್ನೂ ಒಳಗೆ ಕರೆದುಕೊಂಡು ಹೋಗುತ್ತೇವೆ. ಬೋರ್ಡ್ ಕೊರಳಲ್ಲಿದೆ, ಅವಳೇ ಹೇಳುತ್ತಾಳೆ.